ಹೊಳೆಗೆ ಒಪ್ಪುವ ಸಂಕ: ಮಲೆನಾಡಿನಲ್ಲಿ ಕಾಲ್ನಡಿಗೆ ಮತ್ತು ಸೈಕಲ್ ಸೇತುವೆಯನ್ನು ರೂಪಿಸುವ ಕ್ರಮ

ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲ ಹಿಡಿಯುವ ಮೊದಲು ಊರಿನವರು ಸೇರಿ ಮಾಡುವ ಕೆಲಸಗಳಲ್ಲಿ ಕಾಲುಸಂಕ ಹಾಕುವುದೂ ಒಂದು. ಎರಡೋ ಮೂರೋ ಅಡಿಕೆ ಮರಗಳನ್ನು ಹಳ್ಳದ ಈ ದಡದಿಂದ ಆ ದಡಕ್ಕೆ ಚಾಚಿ, ಬಳ್ಳಿಯಿಂದಲೋ ತಂತಿಯಿಂದಲೋ ಬಿಗಿದು, ಕೈಗೆ ಆಸರೆಯಾಗಿ ಒಂದು ಬಿದಿರಿನ ಗಳ ಕಟ್ಟಿದರೆ ಆ ವರ್ಷದ ಸಂಕ ಸಿದ್ಧವಾಗುತ್ತದೆ. ಹೊಳೆಯ ಕಡೆಯಿಂದ ನೋಡಿದರೆ ಇದಕ್ಕಿಂತ ಸೌಮ್ಯವಾದ ಸೇತುವೆ ಇಲ್ಲ. ದಂಡೆಯನ್ನು ಅಗೆಯುವುದಿಲ್ಲ, ನೀರಿಗೆ ಕಂಬ ಇಳಿಸುವುದಿಲ್ಲ, ಕೊಳೆತು ಬಿದ್ದರೂ ಮಣ್ಣಿಗೇ ಸೇರುತ್ತದೆ. ಆದರೆ ಅದರ ಮೇಲೆ ನಡೆಯುವವರ ಕಡೆಯಿಂದ ನೋಡಿದರೆ ಅದು ಪ್ರತಿದಿನದ ಅಪಾಯ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಇಂಥದೇ ಸಂಕದಿಂದ ಜಾರಿ ಹಳ್ಳದ ಪಾಲಾದಳು.

ಇಂಥ ಜಾಗಗಳಲ್ಲಿ ಜನ ಕೇಳುವುದು ಸಾಮಾನ್ಯವಾಗಿ ಲಾರಿ ಹೋಗುವಂಥ ಕಾಂಕ್ರೀಟ್ ಸೇತುವೆಯನ್ನು. ಅದಕ್ಕೆ ಹಣ ಒದಗುವುದು ತಡವಾಗುತ್ತದೆ, ಒದಗಿದಾಗ ಎರಡೂ ಕಡೆ ಅಗಲವಾದ ರಸ್ತೆಗಾಗಿ ದಂಡೆಯ ಮರಗಳು ಹೋಗುತ್ತವೆ. ನಡೆಯುವವರು ಮತ್ತು ಸೈಕಲ್‌ನವರು ಮಾತ್ರ ಬಳಸುವ, ವರ್ಷವಿಡೀ ನಿಲ್ಲುವ, ಹೊಳೆಗೆ ಹೊರೆಯಾಗದ ಸೇತುವೆ ಇವೆರಡರ ನಡುವಿನ ದಾರಿ. ಅದನ್ನು ರೂಪಿಸುವ ಕ್ರಮವನ್ನು ಗ್ರಾಮ ಪಂಚಾಯಿತಿಯ ಸದಸ್ಯರಿಗೂ, ಊರಿನ ಸಮಿತಿಗಳಿಗೂ, ಇಂಥ ಕೆಲಸಕ್ಕೆ ಹೊಸಬರಾದ ಎಂಜಿನಿಯರುಗಳಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ. ಅಂತಿಮ ಲೆಕ್ಕಾಚಾರವನ್ನು ಅರ್ಹ ರಚನಾ ಎಂಜಿನಿಯರರೇ ಮಾಡಬೇಕು. ಆದರೆ ಅವರ ಮುಂದೆ ಯಾವ ಪ್ರಶ್ನೆಗಳನ್ನು ಇಡಬೇಕೆಂಬುದು ಊರಿನವರಿಗೆ ತಿಳಿದಿರಬೇಕು. ಪರಿಸರಕ್ಕೆ ಒಪ್ಪುವ ಸೇತುವೆಯೆಂದರೆ ಹಸಿರು ಬಣ್ಣ ಬಳಿದ ಸೇತುವೆಯಲ್ಲ. ಅದು ನೆಲವನ್ನು ಎಲ್ಲಿ ಮುಟ್ಟುತ್ತದೆ, ಎಷ್ಟು ಮುಟ್ಟುತ್ತದೆ ಎಂಬುದರಿಂದಲೇ ಒಪ್ಪುವುದು ಬಿಡುವುದು ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ಹಂತಗಳೆಲ್ಲ ಆ ಮಾತಿನಿಂದಲೇ ಹುಟ್ಟುತ್ತವೆ.

ದಾಟುವವರು ಯಾರು, ಏನನ್ನು ಹೊತ್ತು ದಾಟುತ್ತಾರೆ

ನಕ್ಷೆ ಬಿಡಿಸುವ ಮೊದಲು ಒಂದು ವಾರ ಬೆಳಗ್ಗೆ ಮತ್ತು ಸಂಜೆ ಈಗಿನ ಸಂಕದ ಬಳಿ ಕುಳಿತು ಬರೆದುಕೊಳ್ಳಬೇಕು. ಶಾಲೆಯ ಮಕ್ಕಳು ಎಷ್ಟು, ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರು ಎಷ್ಟು, ಸೊಪ್ಪಿನ ಹೊರೆ ಅಥವಾ ಅಡಿಕೆಯ ಮೂಟೆ ತಲೆಯ ಮೇಲೆ ಹೊತ್ತು ಬರುವವರು ಎಷ್ಟು, ಹಸುಗಳು ಇದೇ ದಾರಿಯಲ್ಲಿ ಮೇವಿಗೆ ಹೋಗುತ್ತವೆಯೇ, ನಡೆಯಲಾಗದ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯಬೇಕಾದ ಸಂದರ್ಭ ಬರುತ್ತದೆಯೇ ಎಂಬುದನ್ನೆಲ್ಲ ಕೇಳಿ ತಿಳಿಯಬೇಕು. ಸೊಪ್ಪಿನ ಹೊರೆ ಹೊತ್ತವರಿಗೆ ಬೇಕಾಗುವ ಅಗಲ ಬರಿಗೈಯಲ್ಲಿ ನಡೆಯುವವರಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು. ಹೊರೆ ಹೊತ್ತವರಿಗೆ ಕಾಲಡಿಯ ಹಲಗೆ ಕಾಣುವುದಿಲ್ಲವಾದ್ದರಿಂದ ಅವರಿಗೆ ಸಮನಾದ ಹಾಸು ಕೈಕಂಬಿಗಿಂತ ಮುಖ್ಯ.

ಸೈಕಲ್ಲಿನ ವಿಚಾರವನ್ನು ಹಗುರವಾಗಿ ಕಾಣಬಾರದು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾಯಿತು. ಆದರೆ ಹಳ್ಳದಾಚೆಯ ಮನೆಯ ಮಕ್ಕಳಿಗೆ ಸಂಕ ದಾಟುವಾಗ ಸೈಕಲ್ಲನ್ನು ಹೆಗಲಿಗೇರಿಸಿಕೊಳ್ಳಬೇಕು, ಇಲ್ಲವೇ ಈಚೆಯ ದಡದಲ್ಲಿ ಯಾರದೋ ಮನೆಯ ಜಗಲಿಗೆ ಒರಗಿಸಿ ಹೋಗಬೇಕು. ಸೇತುವೆಯಾದ ಮೇಲೆ ಬೈಕುಗಳೂ ಬರುತ್ತವೆ ಎಂಬುದನ್ನೂ ಈಗಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಬೈಕುಗಳಿಗೆ ಅವಕಾಶ ಬೇಡವೆಂದು ಊರು ತೀರ್ಮಾನಿಸಿದರೆ ತುದಿಗಳಲ್ಲಿ ಅಡ್ಡಗಂಬಗಳನ್ನು ನಕ್ಷೆಯಲ್ಲೇ ಸೇರಿಸಬೇಕು, ಬೇಕೆಂದು ತೀರ್ಮಾನಿಸಿದರೆ ಅದರ ತೂಕವನ್ನೂ ಅಲುಗಾಟವನ್ನೂ ಲೆಕ್ಕಕ್ಕೆ ತರಬೇಕು. ಫಲಕ ಬರೆದು ಹಾಕಿ ತಡೆಯಬಹುದೆಂಬ ನಂಬಿಕೆಯ ಮೇಲೆ ಸೇತುವೆ ಕಟ್ಟಬಾರದು.

ಹೊಳೆಯನ್ನು ಎರಡು ಕಾಲದಲ್ಲಿ ನೋಡುವುದು

ಬೇಸಿಗೆಯಲ್ಲಿ ಮಾತ್ರ ನೋಡಿ ಸೇತುವೆ ಯೋಜಿಸಿದವರು ಹೊಳೆಯನ್ನು ಅರ್ಧವಷ್ಟೇ ನೋಡಿರುತ್ತಾರೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಒಮ್ಮೆ, ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ, ಕನಿಷ್ಠ ಹೀಗೆ ಎರಡು ಬಾರಿ ಜಾಗವನ್ನು ನೋಡಬೇಕು. ಮಳೆಗಾಲದಲ್ಲಿ ನೀರಿನ ಮಟ್ಟ, ಸೆಳೆತ ಯಾವ ದಡಕ್ಕೆ ಬಡಿಯುತ್ತದೆ, ತೇಲಿ ಬರುವ ಮರದ ದಿಮ್ಮಿಗಳೂ ಬಿದಿರು ಹಿಂಡಿಲುಗಳೂ ಎಷ್ಟು ದೊಡ್ಡವು ಎಂಬುದು ತಿಳಿಯುತ್ತದೆ. ಬೇಸಿಗೆಯಲ್ಲಿ ಹೊಳೆಯ ತಳ ಬಂಡೆಯೋ ಮರಳೋ ಉರುಟುಗಲ್ಲೋ ಎಂಬುದು ಕಾಣುತ್ತದೆ, ಮೀನುಗಳು ಆಶ್ರಯ ಪಡೆಯುವ ಗುಂಡಿಗಳು ಎಲ್ಲಿವೆಯೆಂದು ಗುರುತಿಸಬಹುದು.

ನೆರೆಮಟ್ಟವನ್ನು ತಿಳಿಯಲು ಹಿರಿಯರನ್ನು ಕೇಳುವುದು ದಾಖಲೆ ನೋಡುವಷ್ಟೇ ಮುಖ್ಯ. ನೇತ್ರಾವತಿಯ ದಂಡೆಯ ಹಿರಿಯರಿಗೆ 1974ರ ನೆರೆ ಮೆಟ್ಟಿಲಿನ ಲೆಕ್ಕದಲ್ಲಿ ನೆನಪಿರುತ್ತದೆ: ಯಾವ ಮನೆಯ ಎಷ್ಟನೆಯ ಮೆಟ್ಟಿಲಿನವರೆಗೆ ನೀರು ಬಂದಿತ್ತು ಎಂದು ಅವರು ತೋರಿಸಬಲ್ಲರು. ಮರಗಳ ಕವಲುಗಳಲ್ಲಿ ಸಿಕ್ಕಿಕೊಂಡ ಕಸ ಮತ್ತು ಒಣಹುಲ್ಲು ಇತ್ತೀಚಿನ ನೆರೆಯ ಎತ್ತರವನ್ನು ಹೇಳುತ್ತವೆ. ಈ ಗುರುತುಗಳನ್ನು ಮಟ್ಟದ ಅಳತೆಗೆ ತಂದು, ಆ ಎತ್ತರದಲ್ಲಿ ಹೊಳೆಯ ಅಡ್ಡ ಸೀಳಿಕೆಯ ವಿಸ್ತಾರವನ್ನು ನೀರಿನ ವೇಗದಿಂದ ಗುಣಿಸಿದರೆ ಹರಿವಿನ ಅಂದಾಜು ಸಿಗುತ್ತದೆ. ರಸ್ತೆ, ಸೇತುವೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಸೆಕೆಂಡಿಗೆ 30ರಿಂದ 300 ಘನ ಮೀಟರ್ ಹರಿವಿದ್ದರೆ ನೆರೆಮಟ್ಟದಿಂದ ಸೇತುವೆಯ ತಳಕ್ಕೆ ಕನಿಷ್ಠ 900 ಮಿ.ಮೀ., 300ರಿಂದ 3,000 ಘನ ಮೀಟರ್ ಇದ್ದರೆ 1,200 ಮಿ.ಮೀ. ಅಂತರವಿರಬೇಕು. ಕಾಡಿನಿಂದ ಇಳಿದು ಬರುವ ಹೊಳೆಗಳಿಗೆ ಇದು ಸಾಲದೆಂಬುದು ನನ್ನ ಅಭಿಪ್ರಾಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸುತ್ತಿನ ಹಳ್ಳಗಳು ಕುಸಿದ ಬೆಟ್ಟದ ಮಣ್ಣನ್ನೂ ಬುಡಸಮೇತ ಕಿತ್ತ ಮರಗಳನ್ನೂ ಹೊತ್ತು ತಂದವು. ಬೇರಿನ ಬುಡವೊಂದು ನೀರಿನಿಂದ ಒಂದೂವರೆ ಮೀಟರ್ ಮೇಲಕ್ಕೆ ಚಾಚಿಕೊಂಡು ಬಂದರೆ 900 ಮಿ.ಮೀ. ಅಂತರ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ನೆಲ ಮುಟ್ಟುವ ಜಾಗದ ಆಯ್ಕೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತ ಇದು. ಈಗಿನ ಸಂಕ ಇರುವ ಜಾಗವೇ ಹೊಸ ಸೇತುವೆಗೂ ಸರಿಯೆಂದು ಮೊದಲೇ ತೀರ್ಮಾನಿಸಬಾರದು. ಅಡಿಕೆ ಮರದ ಉದ್ದಕ್ಕೆ ತಕ್ಕಂತೆ ಹಳೆಯವರು ಹೊಳೆ ಕಿರಿದಾದ ಕಡೆ ಸಂಕ ಹಾಕಿರುತ್ತಾರೆ. ಹೊಳೆ ಕಿರಿದಾದಲ್ಲಿ ಸೆಳೆತ ಹೆಚ್ಚು, ನೆರೆಯ ನೀರು ಏರುವುದೂ ಹೆಚ್ಚು. ನೂರಿನ್ನೂರು ಮೀಟರ್ ಮೇಲಕ್ಕೂ ಕೆಳಕ್ಕೂ ನಡೆದು, ಹೊಳೆ ನೇರವಾಗಿ ಹರಿಯುವ, ಎರಡೂ ದಡಗಳಲ್ಲಿ ಎತ್ತರದ ಗಟ್ಟಿ ದರೆ (ಕಡಿದಾದ ಮಣ್ಣಿನ ದಂಡೆ) ಅಥವಾ ಬಂಡೆ ಇರುವ ಜಾಗವನ್ನು ಹುಡುಕಬೇಕು. ತಿರುವಿನ ಹೊರಬದಿಯನ್ನು ಹೊಳೆ ಪ್ರತಿವರ್ಷ ಕೊರೆಯುತ್ತದೆ, ಒಳಬದಿಯಲ್ಲಿ ಮರಳು ಕೂಡಿಸುತ್ತದೆ. ಎರಡೂ ಅಡಿಪಾಯಕ್ಕೆ ಒಳ್ಳೆಯ ನೆಲವಲ್ಲ.

ಎತ್ತರದ ದರೆಯನ್ನು ಆರಿಸುವುದಕ್ಕೆ ಇನ್ನೊಂದು ಕಾರಣ ಸೈಕಲ್ಲು. ಸೇತುವೆಯ ಹಾಸು ದಾರಿಯ ಮಟ್ಟಕ್ಕಿಂತ 4 ಮೀಟರ್ ಮೇಲಿದ್ದರೆ, ಸೈಕಲ್ ತುಳಿದುಕೊಂಡೇ ಏರಬಹುದಾದ 1:20ರ ಇಳಿಜಾರಿಗೆ 80 ಮೀಟರ್ ಉದ್ದದ ಏರುದಾರಿ ಬೇಕು. ಗಾಲಿಕುರ್ಚಿಗೆ ಒಪ್ಪುವ ಕಡಿದಾದ ಮಿತಿಯೆನಿಸಿದ 1:12ನ್ನು ಹಿಡಿದರೂ, ನಡುನಡುವೆ ಬೇಕಾದ ಸಮತಟ್ಟಿನ ತಂಗುದಾಣಗಳನ್ನು ಬಿಟ್ಟೇ 48 ಮೀಟರ್ ಆಗುತ್ತದೆ. ಅಷ್ಟು ಉದ್ದದ ಮಣ್ಣಿನ ದಿಬ್ಬವನ್ನು ಎರಡೂ ದಡದಲ್ಲಿ ಹಾಕಿದರೆ ನೆರೆಯ ನೀರು ಹರಡುವ ಜಾಗವನ್ನು ನಾವೇ ಮುಚ್ಚಿದಂತೆ. ಆ ದಿಬ್ಬ ಮುಂದೆ ಯಾರದೋ ಗದ್ದೆಗೆ ನೀರು ನುಗ್ಗಿಸುತ್ತದೆ. ಮೆಟ್ಟಿಲು ಹಾಕಿದರೆ ಸೈಕಲ್ಲೂ ವೃದ್ಧರೂ ಹೊರಗುಳಿಯುತ್ತಾರೆ. ದಾರಿಯೇ ಸಹಜವಾಗಿ ಎತ್ತರಕ್ಕೆ ಬಂದು ಸೇರುವ ದರೆಯಿಂದ ದರೆಗೆ ಸೇತುವೆ ಹಾಕಿದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಸೇತುವೆಯ ಉದ್ದ ಹತ್ತು ಮೀಟರ್ ಹೆಚ್ಚಾದರೂ ಏರುದಾರಿಯ ಖರ್ಚೂ ಅದರ ಕೇಡೂ ಉಳಿಯುತ್ತವೆ.

ಜಾಗ ಗೊತ್ತಾದ ಮೇಲೆ ಅಲ್ಲಿನ ಮರಗಳ ಪಟ್ಟಿ ಮಾಡಬೇಕು. ಹೊಳೆದಂಡೆಯ ಹೊಂಗೆ, ಹೊಳೆಮತ್ತಿ, ನೇರಳೆಗಳ ಬೇರುಗಳೇ ದಂಡೆಯನ್ನು ಹಿಡಿದಿಟ್ಟಿರುತ್ತವೆ. ಅವುಗಳನ್ನು ಕಡಿದು ಬದಲಿಗೆ ದಂಡೆಗೆ ಕಲ್ಲು ಹೊದಿಸುವುದು (ಪಿಚಿಂಗ್) ಗಟ್ಟಿ ಗೋಡೆಯನ್ನು ಕೆಡವಿ ತಡಿಕೆ ಕಟ್ಟಿದಂತೆ. ಬೇರು ಕನಿಷ್ಠ ಕೊಂಬೆಗಳ ಹರವಿನಷ್ಟು ದೂರ ಚಾಚಿರುತ್ತದೆ ಎಂದು ಭಾವಿಸಿ, ಅಡಿಪಾಯದ ಗುಂಡಿಯನ್ನು ಅದರಾಚೆಗೆ ಇಡಬೇಕು. ತುದಿಯ ಆಧಾರಗಳನ್ನು ನೀರಿನ ಅಂಚಿನಿಂದ ಎರಡು ಮೂರು ಮೀಟರ್ ಹಿಂದೆ ಸರಿಸಿದರೆ ಸೇತುವೆಯ ಕೆಳಗೆ ಒಣನೆಲದ ಪಟ್ಟಿಯೊಂದು ಉಳಿಯುತ್ತದೆ, ಮತ್ತು ನೀರುನಾಯಿಗಳೂ ಇತರ ಪ್ರಾಣಿಗಳೂ ದಂಡೆಯಗುಂಟ ಸಾಗಲು ಅದನ್ನೇ ಬಳಸುತ್ತವೆ. ಮೇಲೆ ಎರಡು ದಡದ ಕೊಂಬೆಗಳು ಕೂಡುವಲ್ಲಿ ಅವನ್ನು ಹಾಗೆಯೇ ಬಿಡಬೇಕು, ಏಕೆಂದರೆ ಕೋತಿಗಳಿಗೂ ಹಾರುವ ಅಳಿಲುಗಳಿಗೂ ಸೇತುವೆ ಅದೇ. ರಾಮಪತ್ರೆಯ ಜಡ್ಡಿಗಳಿರುವ, ಅಂದರೆ ಆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳಿರುವ ಕಡೆ ಮಾತ್ರ ಯಾವ ಜಾಣತನವೂ ಬೇಡ, ಬಳಸಿಕೊಂಡು ಹೋಗಬೇಕು.

ಹರವಿಗೆ ತಕ್ಕ ರೂಪ

ಸುಮಾರು 12 ಮೀಟರಿನವರೆಗಿನ ಹಳ್ಳಗಳಿಗೆ ಎರಡು ಉಕ್ಕಿನ ತೊಲೆಗಳ ಮೇಲೆ ಹಲಗೆ ಹಾಸಿದ ಸರಳ ಸೇತುವೆಯೇ ಸಾಕು.

ಅದಕ್ಕಿಂತ ಅಗಲವಾಗಿ, 30 ಮೀಟರಿನವರೆಗೆ, ನಾನು ಶಿಫಾರಸು ಮಾಡುವುದು ಕೈಕಂಬಿಯೇ ತೊಲೆಯಾಗುವ ಜಾಲತೊಲೆಯ ಸೇತುವೆಯನ್ನು. ಹಾಸಿನ ಅಡಿಯಲ್ಲಿ ಆಳವಾದ ತೊಲೆ ಇಡುವ ಬದಲು ಎರಡೂ ಪಕ್ಕದಲ್ಲಿ ತ್ರಿಕೋನಗಳ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಅವುಗಳ ಕೆಳತುದಿಗೆ ಹಾಸನ್ನು ಕೂಡಿಸುವ ಕ್ರಮವಿದು. ಇಂಥ ಚೌಕಟ್ಟಿಗೆ ಹರವಿನ, ಅಂದರೆ ಆಧಾರದಿಂದ ಆಧಾರಕ್ಕಿರುವ ಉದ್ದದ, ಹದಿನೈದರಿಂದ ಇಪ್ಪತ್ತನೆಯ ಒಂದು ಭಾಗದಷ್ಟು ಎತ್ತರ ಬೇಕೆಂದು ಮೊದಲ ಅಂದಾಜಿಗೆ ಹಿಡಿಯಬಹುದು. 24 ಮೀಟರಿಗೆ ಅದು 1.2ರಿಂದ 1.6 ಮೀಟರ್. ಸೈಕಲ್ಲಿನ ಮೇಲೆ ಕುಳಿತವರು ಆಚೆಗೆ ಬೀಳದಂತೆ ಕೈಕಂಬಿಗೆ ಬೇಕಾದ ಎತ್ತರವೂ ಸುಮಾರು 1.4 ಮೀಟರ್. ಒಂದೇ ಉಕ್ಕು ಎರಡು ಕೆಲಸ ಮಾಡುತ್ತದೆ, ನಡೆಯುವ ಮಟ್ಟದ ಕೆಳಗೆ ಕೇವಲ ಒಂದಡಿಯಷ್ಟು ದಪ್ಪ ಉಳಿಯುತ್ತದೆ, ಹಾಗಾಗಿ ನೆರೆಯ ನೀರಿಗೆ ಸಿಗುವ ಅಂತರ ಅಷ್ಟು ಹೆಚ್ಚುತ್ತದೆ. ದೂರದಿಂದ ನೋಡುವವರಿಗೆ ಮರಗಳ ನಡುವೆ ತೆಳುವಾದ ಒಂದು ಗೆರೆ ಮಾತ್ರ ಕಾಣುತ್ತದೆ.

ಹೊಳೆ ಇನ್ನೂ ಅಗಲವಾಗಿದ್ದು ನಡುವೆ ಕಂಬ ನಿಲ್ಲಿಸಲಾಗದಿದ್ದರೆ ತೂಗುಸೇತುವೆಯೇ ದಾರಿ. ಈ ವಿದ್ಯೆಯನ್ನು ನಮ್ಮ ಹಳ್ಳಿಗಳಿಗೆ ಎಟುಕುವಂತೆ ಮಾಡಿದವರು ಸುಳ್ಯದ ಗಿರೀಶ್ ಭಾರದ್ವಾಜರು. ಮೆಕ್ಯಾನಿಕಲ್ ಎಂಜಿನಿಯರರಾದ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ಕರ್ನಾಟಕದಲ್ಲೂ ಹೊರರಾಜ್ಯಗಳಲ್ಲೂ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ಹೊಳೆಯ ಪಾತ್ರವನ್ನೇ ಮುಟ್ಟದೆ ದಡದಿಂದ ದಡಕ್ಕೆ ದಾಟುವ ಈ ರೂಪಕ್ಕಿಂತ ನಮ್ಮ ಹೊಳೆಗಳಿಗೆ ಹೊಂದುವ ರೂಪ ಕಡಿಮೆ. ಸೈಕಲ್ ತುಳಿಯುವವರಿಗೆ ಮಾತ್ರ ಅದು ಹಾಗೆಯೇ ಒಪ್ಪುವುದಿಲ್ಲ. 60 ಮೀಟರ್ ಹರವಿನ ಹಾಸು ನಡುವೆ ಒಂದು ಮೀಟರ್ ಜೋತು ಬಿದ್ದರೆ ತುದಿಗಳಲ್ಲಿ ಇಳಿಜಾರು 1:15 ಆಗುತ್ತದೆ, ಒದ್ದೆ ಹಲಗೆಯ ಮೇಲೆ ಬ್ರೇಕ್ ಹಿಡಿಯುವುದು ಕಷ್ಟವಾಗುತ್ತದೆ. ತೂಗುವ ಸರಳುಗಳ ಉದ್ದವನ್ನು ಹೊಂದಿಸಿ ಹಾಸನ್ನು ನಡುವೆ 75 ಸೆಂ.ಮೀ. ಮೇಲಕ್ಕೆ ಬಾಗಿಸಿದರೆ ತುದಿಯ ಇಳಿಜಾರು 1:20ಕ್ಕೆ ಬರುತ್ತದೆ, ಮಳೆನೀರೂ ಎರಡೂ ಕಡೆ ಹರಿದುಹೋಗುತ್ತದೆ.

ಮೇಘಾಲಯದ ಖಾಸಿ ಜನರು ಅತ್ತಿಯ ಜಾತಿಯ ಮರದ ಬೇರುಗಳನ್ನು ಹೊಳೆಯ ಮೇಲೆ ಹೆಣೆದು ಬೆಳೆಸುವ ಸೇತುವೆಗಳನ್ನು ನೋಡಿದವರು ನಮ್ಮಲ್ಲೂ ಹಾಗೇಕೆ ಮಾಡಬಾರದೆಂದು ಕೇಳುತ್ತಾರೆ. ಅವು ನಿಜವಾಗಿಯೂ ಬೆರಗು ಹುಟ್ಟಿಸುವ ರಚನೆಗಳು. ಆದರೆ ಅಂಥ ಸೇತುವೆ ಜನರ ಭಾರ ಹೊರುವಷ್ಟು ಬೆಳೆಯಲು ದಶಕಗಳೇ ಬೇಕು, ನಮ್ಮ ಮಕ್ಕಳು ದಾಟಬೇಕಾದದ್ದು ಬರುವ ಜೂನ್‌ನಲ್ಲಿ.

ಅಗಲ, ಭಾರ ಮತ್ತು ಹಗ್ಗದ ಲೆಕ್ಕ

ನಡೆಯುವವರಿಗಷ್ಟೇ ಆದರೆ 1.2 ಮೀಟರ್ ಅಗಲದಲ್ಲಿ ಇಬ್ಬರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಸಾಗಬಹುದು. ಸೈಕಲ್ ತುಳಿದುಕೊಂಡು ಹೋಗುವವರೂ ಎದುರಿನಿಂದ ನಡೆದು ಬರುವವರೂ ನಿರಾಳವಾಗಿ ಹಾಯಲು 2.5ರಿಂದ 3 ಮೀಟರ್ ಬೇಕು. ದಿನಕ್ಕೆ ಇಪ್ಪತ್ತು ಮೂವತ್ತು ಸೈಕಲ್ಲುಗಳಷ್ಟೇ ದಾಟುವ ಹಳ್ಳಿಯಲ್ಲಿ 1.8 ಮೀಟರ್ ಮಾಡಿ, ಎದುರಿಗೆ ಯಾರಾದರೂ ಬಂದಾಗ ಸೈಕಲ್ ಇಳಿದು ತಳ್ಳುವ ಪದ್ಧತಿ ಇಟ್ಟುಕೊಳ್ಳುವುದು ವಿವೇಕದ ಮಾತು. ಅಗಲ ಹೆಚ್ಚಿದಂತೆಲ್ಲ ಭಾರ, ಅಡಿಪಾಯ, ಕಡಿಯಬೇಕಾದ ಮರ ಎಲ್ಲವೂ ಹೆಚ್ಚುತ್ತವೆ.

ಭಾರವನ್ನು ಮಾತ್ರ ದಿನದ ಬಳಕೆಯಿಂದ ಲೆಕ್ಕ ಹಾಕಬಾರದು. ಜಾತ್ರೆಯ ದಿನ, ತೇರಿನ ದಿನ, ಹೊಳೆಯಲ್ಲಿ ನೆರೆ ಬಂದಾಗ ನೋಡಲು ಸೇರುವ ದಿನ ಸೇತುವೆ ತುಂಬಿ ಹೋಗುತ್ತದೆ. ನಮ್ಮ ನಿಯಮಗಳು ಪಾದಚಾರಿಗಳ ಭಾರವನ್ನು ಚದರ ಮೀಟರಿಗೆ 400 ಕಿಲೋ ಎಂದೂ, ಜನಜಂಗುಳಿ ಸೇರುವ ಸಂಭವವಿದ್ದಲ್ಲಿ 500 ಕಿಲೋ ಎಂದೂ ಹಿಡಿಯುತ್ತವೆ. ಇದರಿಂದ ತೂಗುಸೇತುವೆಯ ಉಕ್ಕಿನ ಹಗ್ಗದ ಮೇಲೆ ಎಷ್ಟು ಸೆಳೆತ ಬೀಳುತ್ತದೆಂದು ಒಂದು ಉದಾಹರಣೆಯಿಂದ ನೋಡಬಹುದು. ಹರವು 60 ಮೀಟರ್, ಹಾಸಿನ ಅಗಲ 1.2 ಮೀಟರ್, ಜನರ ಭಾರ ಪ್ರತಿ ಮೀಟರ್ ಉದ್ದಕ್ಕೆ 480 ಕಿಲೋ, ಸೇತುವೆಯ ಸ್ವಂತ ತೂಕ ಮೀಟರಿಗೆ 150 ಕಿಲೋ ಎಂದುಕೊಳ್ಳೋಣ. ಒಟ್ಟು ಭಾರವನ್ನು ಹರವಿನ ವರ್ಗದಿಂದ ಗುಣಿಸಿ, ಹಗ್ಗದ ಜೋಲಿನ (ತುದಿಗಳಿಗಿಂತ ನಡುವೆ ಹಗ್ಗ ಎಷ್ಟು ಕೆಳಗೆ ಜೋತಿದೆ ಎಂಬ ಅಳತೆಯ) ಎಂಟರಷ್ಟರಿಂದ ಭಾಗಿಸಿದರೆ ಅಡ್ಡಸೆಳೆತ ಸಿಗುತ್ತದೆ. ಜೋಲು 5 ಮೀಟರ್ ಇದ್ದರೆ ಅದು ಸುಮಾರು 57 ಟನ್. ದಡದಲ್ಲಿ ಹಗ್ಗವನ್ನು ಎತ್ತಿ ಹಿಡಿಯುವ ಕಂಬದ ಬಳಿಯ ಓರೆಯನ್ನೂ ಸೇರಿಸಿದರೆ ಪ್ರತಿ ಬದಿಯ ಹಗ್ಗಕ್ಕೆ ಸುಮಾರು 30 ಟನ್ ಬೀಳುತ್ತದೆ. ಮೂರರಷ್ಟು ಸುರಕ್ಷತೆ ಬೇಕೆಂದರೆ ಪ್ರತಿ ಬದಿಯ ಹಗ್ಗಗಳು ಒಟ್ಟಾಗಿ 90 ಟನ್‌ಗೆ ಮೊದಲು ಹರಿಯಬಾರದು. ಕಂಬದ ಎತ್ತರ ಉಳಿಸಲೆಂದು ಜೋಲನ್ನು 3 ಮೀಟರಿಗೆ ಇಳಿಸಿದರೆ ಅಡ್ಡಸೆಳೆತ 94 ಟನ್‌ಗೂ ಮೇಲಕ್ಕೆ ಏರುತ್ತದೆ. ಹೀಗಾಗಿ ಕಂಬವನ್ನು ಗಿಡ್ಡ ಮಾಡುವ ಆಸೆಗೆ ಬೀಳಬಾರದು.

ಈ ಸೆಳೆತವನ್ನು ಕೊನೆಗೆ ಹೊರಬೇಕಾದುದು ದಡದಲ್ಲಿ ಹೂತ ಕಾಂಕ್ರೀಟ್ ದಿಂಡು. ಒಣನೆಲದಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ 2.4 ಟನ್ ತೂಕವಿದ್ದರೆ, ನೆಲ ನೀರಿನಿಂದ ತುಂಬಿದಾಗ ಅದು 1.4 ಟನ್‌ನಷ್ಟೇ ಕೆಲಸ ಮಾಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ನೆಲ ಯಾವಾಗಲೂ ತುಂಬಿಯೇ ಇರುವುದರಿಂದ ಎರಡನೆಯ ಸಂಖ್ಯೆಯನ್ನೇ ಹಿಡಿಯಬೇಕು. ದಡದಲ್ಲಿ ಗಟ್ಟಿ ಬಂಡೆ ಸಿಕ್ಕರೆ ಅದಕ್ಕೇ ರಂಧ್ರ ಕೊರೆದು ಸರಳು ಕೂಡಿಸುವುದು ಎಲ್ಲಕ್ಕಿಂತ ಮೇಲು, ಅದರಲ್ಲಿ ಅಗೆತವೂ ಕಡಿಮೆ.

ಅಲುಗಾಟ

ಮನುಷ್ಯರು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾರೆ, ಎಡಕ್ಕೂ ಬಲಕ್ಕೂ ವಾಲುವುದು ಸೆಕೆಂಡಿಗೆ ಸುಮಾರು ಒಂದು ಬಾರಿ. ಸೇತುವೆಯ ಸ್ವಾಭಾವಿಕ ಕಂಪನ ಈ ಲಯಕ್ಕೆ ಹತ್ತಿರವಿದ್ದರೆ ಹೆಜ್ಜೆಗಳು ಅದನ್ನು ಉಯ್ಯಾಲೆಯಂತೆ ತೂಗುತ್ತವೆ. ಲಂಡನ್ನಿನ ಮಿಲೇನಿಯಂ ಕಾಲ್ನಡಿಗೆ ಸೇತುವೆಯನ್ನು 2000ದ ಜೂನ್ 10ರಂದು ತೆರೆದು, ಅಡ್ಡ ತೂಗಾಟದಿಂದಾಗಿ ಎರಡೇ ದಿನಕ್ಕೆ ಮುಚ್ಚಬೇಕಾಯಿತು. ತೂಗಾಟವನ್ನು ಹೀರುವ ಉಪಕರಣಗಳನ್ನು ಜೋಡಿಸಿ ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಹಳ್ಳಿಯ ಸೇತುವೆಗೆ ಅಂಥ ಉಪಕರಣಗಳು ಬೇಕಾಗುವುದಿಲ್ಲ. ಹಾಸಿನ ಎರಡೂ ಅಂಚಿನಿಂದ ದಡದ ಕಡೆಗೆ ಓರೆಯಾಗಿ ಗಾಳಿಹಗ್ಗಗಳನ್ನು ಎಳೆದು ಕಟ್ಟುವುದು, ಕೈಕಂಬಿಯನ್ನು ಬರಿಯ ಸರಳಾಗಿ ಬಿಡದೆ ತ್ರಿಕೋನಗಳಾಗಿ ಬಿಗಿಯುವುದು, ಹಾಸಿನ ಅಡಿಯಲ್ಲಿ ಗುಣಾಕಾರದ ಬಿಗಿತಗಳನ್ನು ಹಾಕುವುದು ಸಾಕಾಗುತ್ತದೆ. ಸ್ವಲ್ಪ ಅಲುಗಾಟ ತೂಗುಸೇತುವೆಯ ಸ್ವಭಾವವೇ ಹೌದು; ಆದರೆ ತಲೆಯ ಮೇಲೆ ಹೊರೆ ಹೊತ್ತವರು ನಡುದಾರಿಯಲ್ಲಿ ನಿಲ್ಲಬೇಕಾಗಿ ಬಂದರೆ ಆ ಸೇತುವೆ ತನ್ನ ಕೆಲಸ ಮಾಡುತ್ತಿಲ್ಲ.

ಸಾಮಗ್ರಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಜಾಗದಲ್ಲಿ ಬಣ್ಣ ಬಳಿದ ಉಕ್ಕು ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿಯುತ್ತದೆ. ತನ್ನ ತುಕ್ಕನ್ನೇ ಹೊದಿಕೆ ಮಾಡಿಕೊಳ್ಳುವ ಕಂದುಬಣ್ಣದ ಉಕ್ಕು ಕಾಡಿಗೆ ಒಪ್ಪುತ್ತದೆಂದು ಕೆಲವರು ಸಲಹೆ ಕೊಡುವುದುಂಟು. ಆ ಹೊದಿಕೆ ಗಟ್ಟಿಯಾಗಬೇಕಾದರೆ ಉಕ್ಕು ಆಗಾಗ ಒದ್ದೆಯಾಗಿ ಆಗಾಗ ಒಣಗಬೇಕು. ನಾಲ್ಕು ತಿಂಗಳು ಒಣಗದೇ ಇರುವ ಮಲೆನಾಡಿನಲ್ಲೂ, ಉಪ್ಪುಗಾಳಿ ಬೀಸುವ ಕರಾವಳಿಯಲ್ಲೂ ಅದನ್ನು ಬಳಸುವುದು ತಪ್ಪು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕೇ ಇಲ್ಲಿ ಸರಿ. ಸತುವಿನ ತೊಟ್ಟಿಯ ಅಳತೆಗೆ ಹಿಡಿಸುವಂತೆ ಚೌಕಟ್ಟನ್ನು ತುಂಡುಗಳಾಗಿ ಮಾಡಿ ಬೋಲ್ಟ್‌ಗಳಿಂದ ಕೂಡಿಸಬೇಕಾಗುತ್ತದೆ, ಮತ್ತು ಅದರಿಂದ ಇನ್ನೊಂದು ಲಾಭವೂ ಇದೆ: ಪ್ರತಿ ತುಂಡನ್ನೂ ನಾಲ್ಕು ಜನ ಹೊರುವಷ್ಟು, ಅಂದರೆ ನೂರು ಕಿಲೋ ಆಸುಪಾಸು ಇಟ್ಟರೆ, ಕ್ರೇನ್ ತರಲೆಂದು ಕಾಡಿನಲ್ಲಿ ರಸ್ತೆ ಕಡಿಯುವ ಅಗತ್ಯವೇ ಇರುವುದಿಲ್ಲ. ಕೂಡಿಸಿದ ಮೇಲೆ ಸ್ಥಳದಲ್ಲಿ ವೆಲ್ಡಿಂಗ್ ಮಾಡಿದರೆ ಅಲ್ಲಿನ ಸತುವಿನ ಲೇಪ ಸುಟ್ಟುಹೋಗುವುದರಿಂದ ಅದಕ್ಕೆ ಅವಕಾಶ ಕೊಡಬಾರದು.

ನಡೆಯುವ ಹಾಸಿಗಾಗಿ ಕಿರಾಲಬೋಗಿಯಂಥ ಗಟ್ಟಿ ಮರದ ಹಲಗೆ ಕಾಲಿಗೆ ಹಿತ, ಕಣ್ಣಿಗೆ ಹಿತ. ಆದರೆ ಅಂಥ ಮರ ಈಗ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ನೆರಳಿನಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆ. ತಂತಿಬಲೆಯನ್ನು ಒಳಗಿಟ್ಟು ಎರಕಹೊಯ್ದ ತೆಳುವಾದ ಫೆರೋಸಿಮೆಂಟ್ ಹಲಗೆಗಳನ್ನು ಒರಟು ಮೇಲ್ಮೈಯೊಂದಿಗೆ ಮಾಡಿಸುವುದು ಹೆಚ್ಚು ಬಾಳುತ್ತದೆ, ಮುರಿದ ಒಂದನ್ನೇ ಬದಲಿಸಲೂ ಬರುತ್ತದೆ. ಯಾವುದನ್ನೇ ಬಳಸಿದರೂ ಹಲಗೆಗಳ ನಡುವಿನ ಸಂದು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕೆ ಬಿಟ್ಟ ಸಂದಿನಲ್ಲಿ ಸೈಕಲ್ಲಿನ ಚಕ್ರ ಸಿಕ್ಕಿಬಿದ್ದರೆ ಸವಾರರು ಮುಗ್ಗರಿಸುತ್ತಾರೆ. ಚೌಕುಳಿ ಗೆರೆಯ ಉಕ್ಕಿನ ತಗಡು ಅಗ್ಗವಾಗಿ ಕಂಡರೂ ಮಳೆಯಲ್ಲಿ ಜಾರುತ್ತದೆ, ಸದ್ದೂ ಮಾಡುತ್ತದೆ. ತುದಿಯ ಆಧಾರಗಳನ್ನು ಆ ಊರಿನ ಕಲ್ಲಿನಲ್ಲೇ ಕಟ್ಟುವುದು ಸುಂದರ. ಆದರೆ ನೀರಿನ ಸೆಳೆತ ತಾಗುವ ಮಟ್ಟದವರೆಗೆ ಕಗ್ಗಲ್ಲನ್ನೇ ಬಳಸಿ, ಮುರಕಲ್ಲನ್ನು ಅದರ ಮೇಲೆ ಇಡಬೇಕು. ಉರುಟುಗಲ್ಲುಗಳ ಪೆಟ್ಟಿಗೆ ಮುರಕಲ್ಲು ಸವೆದುಹೋಗುತ್ತದೆ.

ನೋಟ ಮತ್ತು ಬೆಳಕು

ಸೇತುವೆಯನ್ನು ಅದರ ಮೇಲೆ ನಿಂತು ಮಾತ್ರವಲ್ಲದೆ ದೂರದಿಂದಲೂ ಕಲ್ಪಿಸಿಕೊಳ್ಳಬೇಕು. ಹಂಪಿಯ ಅನುಭವ ನಮ್ಮ ಕಣ್ಣ ಮುಂದಿದೆ: ಸಂರಕ್ಷಿತ ಪ್ರದೇಶದೊಳಗೆ ಎರಡು ತೂಗುಸೇತುವೆಗಳ ನಿರ್ಮಾಣ ಕೈಗೊಂಡದ್ದರಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು, ಅದು ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಸೇತುವೆ ಬೇಡವೆಂದು ಯಾರೂ ಹೇಳುವಂತಿರಲಿಲ್ಲ, ತುಂಗಭದ್ರೆಯನ್ನು ದಾಟಬೇಕಾದ ಜನರ ಕಷ್ಟ ನಿಜವಾದದ್ದೇ ಆಗಿತ್ತು, ತೊಂದರೆಯಿದ್ದದ್ದು ಜಾಗದಲ್ಲಿ. ದೇವಸ್ಥಾನದ ಸ್ನಾನಘಟ್ಟ, ಹಳೆಯ ಮಂಟಪ, ನಾಗಬನ ಇವುಗಳ ನೇರ ನೋಟಕ್ಕೆ ಕಂಬಗಳು ಅಡ್ಡ ಬರದಂತೆ ಊರಿನವರೊಂದಿಗೆ ಕುಳಿತು ನಕ್ಷೆಯಲ್ಲಿ ಗುರುತಿಸುವ ಕೆಲಸಕ್ಕೆ ಖರ್ಚೇನೂ ಇಲ್ಲ.

ಕಾಡಿನ ಅಂಚಿನಲ್ಲಿ ಎತ್ತರದ ದೀಪಕಂಬಗಳನ್ನು ಹಾಕಬಾರದು. ಬಿಳಿ ಬೆಳಕು ಕೀಟಗಳನ್ನು ಸೆಳೆಯುತ್ತದೆ, ಮಿಂಚುಹುಳುಗಳು ಪರಸ್ಪರ ಗುರುತಿಸುವುದನ್ನು ಕೆಡಿಸುತ್ತದೆ. ಬೆಳಕು ಬೇಕೇ ಬೇಕೆಂದರೆ ಕೈಕಂಬಿಯ ಒಳಮೈಯಲ್ಲಿ, ಹಾಸಿಗಷ್ಟೇ ಬೀಳುವಂತೆ, ಹಳದಿ ಛಾಯೆಯ ಮಂದ ದೀಪಗಳನ್ನು ಇಟ್ಟು, ಜನಸಂಚಾರ ನಿಂತ ಮೇಲೆ ಆರುವಂತೆ ಮಾಡಬಹುದು.

ಅನುಮತಿ ಮತ್ತು ಕಾಮಗಾರಿಯ ಕಾಲ

ಜಾಗ ಅರಣ್ಯವಾಗಿದ್ದರೆ ಅರಣ್ಯ ಇಲಾಖೆಯ, ಅಳಿವೆಯ ಬಳಿಯಿದ್ದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಕಲಮು, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳದಂತೆ, ರಸ್ತೆಯೇ ಮೊದಲಾದ ಕೆಲವು ಸಾರ್ವಜನಿಕ ಸೌಕರ್ಯಗಳಿಗೆ ಬಳಸಲು ಅವಕಾಶ ಕೊಡುತ್ತದೆ. ದಾರಿಯ ಭಾಗವಾಗಿ ಸೇತುವೆಯನ್ನು ಕೇಳುವಾಗ ಗ್ರಾಮಸಭೆಯ ನಿರ್ಣಯವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಅಡಿಪಾಯದ ಕೆಲಸವನ್ನು ಡಿಸೆಂಬರಿನಲ್ಲಿ ಆರಂಭಿಸಿ ಏಪ್ರಿಲ್ ಕೊನೆಗೆ ಮುಗಿಸಬೇಕು. ಮೇ ತಿಂಗಳ ಅಡ್ಡಮಳೆಗೆ ತೆರೆದ ಗುಂಡಿ ಸಿಕ್ಕರೆ ಅಗೆದ ಮಣ್ಣೆಲ್ಲ ಹೊಳೆಗೆ ಹೋಗುತ್ತದೆ. ಶಿಶಿಲ, ಶೃಂಗೇರಿಯಂಥ ಕಡೆ ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದ ಮೀನುಗಳು ಬೇಸಿಗೆಯಲ್ಲಿ ಕೆಲವೇ ಗುಂಡಿಗಳಲ್ಲಿ ಕೂಡಿರುತ್ತವೆ. ಸಿಮೆಂಟಿನ ನೀರು ಆ ಗುಂಡಿಗೆ ಇಳಿದರೆ ಮೀನುಗಳು ಸಾಯುತ್ತವೆ. ಕಾಂಕ್ರೀಟ್ ಕಲಸುವ ಜಾಗವನ್ನು ದರೆಯ ಮೇಲೆ, ಹೊಳೆಯಿಂದ ದೂರದಲ್ಲಿ ಇಡಬೇಕು, ಬಾಣಲೆ ತೊಳೆದ ನೀರನ್ನು ಗುಂಡಿ ತೋಡಿ ಇಂಗಿಸಬೇಕು. ಈ ಎರಡು ಷರತ್ತುಗಳನ್ನು ಗುತ್ತಿಗೆಯ ಪತ್ರದಲ್ಲೇ ಬರೆಸುವುದು ಅಗತ್ಯ.

ಕಟ್ಟಿದ ಮೇಲಿನ ಕೆಲಸ

ಗುಜರಾತಿನ ಮೊರ್ಬಿಯ ಹಳೆಯ ತೂಗುಸೇತುವೆ ದುರಸ್ತಿಯಾಗಿ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವೆಂದು ತನಿಖೆ ಹೇಳಿತು. ಹಾಸನ್ನು ಹೊಸದು ಮಾಡಿ ಹಗ್ಗವನ್ನು ಹಳೆಯದೇ ಉಳಿಸಿದ ದುರಸ್ತಿ ಅದು. ತೂಗುಸೇತುವೆಯಲ್ಲಿ ಹಗ್ಗ ಮೊದಲು ಕೊಳೆಯುವುದು ಕಣ್ಣಿಗೆ ಕಾಣದ ಕಡೆ, ಅಂದರೆ ದಿಂಡಿನೊಳಗೆ ಸೇರುವಲ್ಲಿ, ಕಂಬದ ತಲೆಯ ಮೇಲೆ ಹಾಯುವಲ್ಲಿ, ಹಿಡಿಕೆಗಳ ಅಡಿಯಲ್ಲಿ. ಆದ್ದರಿಂದ ನಕ್ಷೆ ಮಾಡುವಾಗಲೇ ಹಗ್ಗದ ತುದಿಯನ್ನು ಮಣ್ಣಿನಲ್ಲಿ ಮುಚ್ಚದೆ, ನೀರು ನಿಲ್ಲದ ತೆರೆದ ಗುಂಡಿಯಲ್ಲಿ ಕಾಣುವಂತೆ ಬಿಡಬೇಕು, ಕಂಬದ ತಲೆಗೆ ಏರಲು ಏಣಿಯ ಮೆಟ್ಟುಗಳನ್ನು ಕೂಡಿಸಬೇಕು.

ಪ್ರತಿವರ್ಷ ಮಳೆಗಾಲದ ಮೊದಲು ಒಮ್ಮೆ, ನೆರೆ ಇಳಿದ ಮೇಲೆ ಒಮ್ಮೆ ತಪಾಸಣೆ ನಡೆಯಬೇಕು. ಮೊದಲಿನದರಲ್ಲಿ ಬೋಲ್ಟ್‌ಗಳ ಬಿಗಿತ, ಹಗ್ಗಕ್ಕೆ ಗ್ರೀಸ್, ಹಲಗೆಗಳ ಬಿರುಕು, ಹಾಸಿನ ಹಾವಸೆ ಇವನ್ನು ನೋಡಬೇಕು. ಎರಡನೆಯದರಲ್ಲಿ ಸಿಕ್ಕಿಕೊಂಡ ದಿಮ್ಮಿಗಳನ್ನು ಬಿಡಿಸಿ, ಆಧಾರಗಳ ಬುಡದಲ್ಲಿ ಹೊಳೆ ಎಷ್ಟು ಕೊರೆದಿದೆಯೆಂದು ಅಳೆಯಬೇಕು. ಈ ಅಳತೆಗೆ ಸುಲಭವಾಗುವಂತೆ ಆಧಾರದ ಕಲ್ಲಿನ ಮೇಲೆ ಕಟ್ಟುವಾಗಲೇ ಮೀಟರಿನ ಗುರುತುಗಳನ್ನು ಕೆತ್ತಿಸಿಟ್ಟರೆ, ನೆರೆಮಟ್ಟವನ್ನೂ ಅಲ್ಲೇ ಓದಬಹುದು. ವರ್ಷವರ್ಷದ ಸಂಖ್ಯೆಗಳನ್ನು ಪಂಚಾಯಿತಿಯ ಒಂದು ಪುಸ್ತಕದಲ್ಲಿ ಬರೆದಿಡಲು ಹತ್ತಿರದ ಶಾಲೆಯ ಮಕ್ಕಳನ್ನೂ ಮೇಷ್ಟ್ರನ್ನೂ ಸೇರಿಸಿಕೊಳ್ಳಬಹುದು, ಏಕೆಂದರೆ ಸೇತುವೆಯನ್ನು ದಿನಕ್ಕೆ ಎರಡು ಬಾರಿ ತಪ್ಪದೆ ನೋಡುವವರು ಅವರೇ.